ಮೀಸೆಗೆ ಅಂಟಿದ ಮಣ್ಣು

ಹೋದ ನವೆಂಬರ್‌ನಲ್ಲಿ ನಾನು ಹತ್ತೊಂಬತ್ತು ವರ್ಷದ ಒಬ್ಬ ಹುಡುಗನ ಮೂಗಿನಿಂದ ರಕ್ತ ಬರಿಸಿದೆ. ಬೀದಿ ಜಗಳದಲ್ಲಲ್ಲ, ಬಾಕ್ಸಿಂಗ್ ಕ್ಲಾಸಿನಲ್ಲಿ. ಷಿಕಾಗೋದ ಪಶ್ಚಿಮಕ್ಕಿರೋ ಒಂದು ಸಣ್ಣ ಊರಲ್ಲಿ, ಡಾಲರ್ ಅಂಗಡಿ ಪಕ್ಕದ ಹಾಲ್‌ನಲ್ಲಿ ಈ ಕ್ಲಾಸ್ ನಡೆಯುತ್ತೆ. ಅವತ್ತು ಹಗುರವಾಗಿ ಆಡಿ ಅಂತ ಕೋಚ್ ಎರಡೆರಡು ಸಲ ಹೇಳಿದ್ದರು.

ಆ ವಾರ ಆಫೀಸಿನಲ್ಲಿ ಏನಾಗಿತ್ತು ಅಂತ ವಿವರವಾಗಿ ಹೇಳಲ್ಲ. ಎಂಟು ತಿಂಗಳು ಕೂತು ಕಟ್ಟಿದ ಮಾಡೆಲ್ ಬೇರೆಯವರ ಹೆಸರಲ್ಲಿ ಸ್ಲೈಡ್ ಮೇಲೆ ಬಂತು ಅಂದರೆ ಸಾಕು. ಮೀಟಿಂಗ್‌ನಲ್ಲಿ ನಾನು ಬಾಯಿ ಬಿಡಲಿಲ್ಲ. ವೀಸಾ ಮೇಲೆ ಬದುಕೋರಿಗೆ ಆ ಮೌನ ಗೊತ್ತಿರುತ್ತೆ. ಗುರುವಾರ ಸಂಜೆ ಆ ಹುಡುಗ ಎದುರಿಗೆ ಬಂದು ಒಂದು ಸಲ ನನ್ನ ಕಿವಿ ಹತ್ತಿರ ತಾಗಿಸಿ ನಕ್ಕ. ತಮಾಷೆಗೇ ನಕ್ಕಿದ್ದ. ನಾನು ಪೂರ್ತಿ ಭುಜ ಹಾಕಿ ಹೊಡೆದೆ.

ಗಾಬರಿ ಆಗಿದ್ದು ಅದಕ್ಕಲ್ಲ. ರಕ್ತ ಕಂಡ ಮೇಲೂ ನನ್ನ ಬಲಗೈ ಇನ್ನೊಂದು ಸಲ ಮೇಲೇಳ್ತಾ ಇತ್ತು. ಕೋಚ್ ಮಧ್ಯೆ ಬರದಿದ್ದರೆ ಏನಾಗ್ತಿತ್ತೋ ನನಗೆ ಗೊತ್ತಿಲ್ಲ.

ಅವರು ಕೂಗಾಡಲಿಲ್ಲ. ಹುಡುಗನ ಮೂಗಿಗೆ ಐಸ್ ಇಟ್ಟು, ಅವನ ಅಮ್ಮನಿಗೆ ಫೋನ್ ಮಾಡಿ, ಆಮೇಲೆ ನನ್ನ ಗ್ಲೌಸ್ ತಾವೇ ಬಿಚ್ಚಿದರು. "ಯಾರಿಗೆ ಹೊಡೆದೆ?" ಅಂದರು. ಹುಡುಗನ ಹೆಸರು ಹೇಳಿದೆ. "ಅವನಿಗಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಮೂಗು ಅವನದು." ನಾಲ್ಕು ವಾರ ಗ್ಲೌಸ್ ಮುಟ್ಟೋ ಹಾಗಿಲ್ಲ, ಬಂದು ಬೇರೆಯವರಿಗೆ ಪ್ಯಾಡ್ ಹಿಡೀಬೇಕು ಅಂತ ಅಪ್ಪಣೆ ಆಯ್ತು.

ಕಾರಲ್ಲಿ ಕೂತಾಗ ನೆನಪಾಗಿದ್ದು ಮೈಸೂರು. ನೀವು ಇಲ್ಲೇ ಹುಟ್ಟಿ ಬೆಳೆದಿದ್ದರೆ ಗರಡಿ ಅನ್ನೋ ಪದ ಕೇಳಿರಲಿಕ್ಕಿಲ್ಲ. ಗರಡಿ ಅಂದರೆ ಕುಸ್ತಿ ಕಲಿಸೋ ಮನೆ. ಒಳಗೆ ಕೆಂಪು ಮಣ್ಣಿನ ಅಖಾಡ, ಗೋಡೆ ಮೇಲೆ ಹನುಮಂತ, ಒಬ್ಬರು ಉಸ್ತಾದರು. ನಮ್ಮಜ್ಜ ಹುಡುಗನಾಗಿದ್ದಾಗ ಅಲ್ಲಿ ದಂಡ, ಬಸ್ಕಿ ಹೊಡೆದು ಸಾಮು ಮಾಡಿದವರು. ಬೆನ್ನಿಗೆ ಮಣ್ಣು ಮೆತ್ತಿಕೊಂಡ ಅವರ ಹಳೇ ಫೋಟೋ ನೋಡಿ ನನಗೆ ನಾಚಿಕೆ ಆಗ್ತಿತ್ತು, ನಿಜ ಹೇಳ್ತೀನಿ. ನಾವು ಕಂಪ್ಯೂಟರ್ ಮಂದಿ ಅಲ್ವಾ!

ವಿಜಯದಶಮಿ ದಿನ ಮೈಸೂರು ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನೆಯಿರೋ ಆಯುಧ ತೊಟ್ಟು ಎದುರುಬದುರು ನಿಲ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣವೇ ಕಾಳಗ ಮುಗೀತು. ಅಷ್ಟು ಸಿದ್ಧತೆ ಮಾಡಿಕೊಂಡು ಬಂದು ಅಷ್ಟು ಬೇಗ ಮುಗಿಸೋದಾ ಅಂತ ಚಿಕ್ಕವನಿದ್ದಾಗ ನನಗೆ ನಿರಾಸೆ. ಆಯುಧ ತೊಟ್ಟವನು ಒಂದು ಹನಿಗೆ ನಿಲ್ಲಿಸ್ತಾನೆ. ನಾನು ಮೆತ್ತನೆ ಗ್ಲೌಸ್ ಹಾಕಿಕೊಂಡು ನಿಲ್ಲಿಸಲಿಲ್ಲ.

ನಮ್ಮ ಕೋಚ್ ಡೆಟ್ರಾಯ್ಟ್‌ನವರು, ಕಾರ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಹುಡುಗನಾಗಿದ್ದಾಗ ಕೆಲಕಾಲ ಕ್ರಾಂಕ್ ಜಿಮ್‌ಗೆ ಹೋಗ್ತಿದ್ದರಂತೆ. ನಾನು ಮಾಸ್ಟರ್ಸ್ ಮಾಡಿದ್ದು ಆನ್ ಆರ್ಬರ್‌ನಲ್ಲಿ, ಅಲ್ಲಿಂದ ನಲವತ್ತು ಮೈಲಿ ದೂರ. ಎರಡು ವರ್ಷದಲ್ಲಿ ಆ ಹೆಸರೇ ಕೇಳಿರಲಿಲ್ಲ. ಡೆಟ್ರಾಯ್ಟ್ ಅಂದರೆ ನಮಗೆ ಏರ್‌ಪೋರ್ಟ್, ಟ್ರಾಯ್‌ನ ಇಂಡಿಯನ್ ಅಂಗಡಿ, ಅಷ್ಟೇ.

ಕ್ರಾಂಕ್ ಇದ್ದದ್ದು ನಗರಸಭೆಯ ಒಂದು ಮನರಂಜನಾ ಕೇಂದ್ರದ ನೆಲಮಾಳಿಗೆಯಲ್ಲಿ. ಬೇಕೆಂದೇ ಒಲೆಯ ಹಾಗೆ ಕಾಯಿಸಿಡುತ್ತಿದ್ದ ಜಾಗ. ಇಮ್ಯಾನ್ಯುಯೆಲ್ ಸ್ಟೀವರ್ಡ್ ಅಲ್ಲಿಗೆ ಬಂದಿದ್ದು 1971ರಲ್ಲಿ. 1963ರಲ್ಲಿ ರಾಷ್ಟ್ರೀಯ ಗೋಲ್ಡನ್ ಗ್ಲೌಸ್ ಗೆದ್ದಿದ್ದರೂ ಹೊಟ್ಟೆಪಾಡಿಗೆ ಡೆಟ್ರಾಯ್ಟ್ ಎಡಿಸನ್ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮಲತಮ್ಮನಿಗೆ ಕಲಿಸೋಕೆ ಅಂತ ಬಂದು ಅಲ್ಲೇ ನೆಲೆನಿಂತರು. 1980ರಲ್ಲಿ ಆ ನೆಲಮಾಳಿಗೆಯಿಂದ ಇಬ್ಬರು ವಿಶ್ವ ಚಾಂಪಿಯನ್ನರು ಬಂದರು: ಮಾರ್ಚ್‌ನಲ್ಲಿ ಹಿಲ್ಮರ್ ಕೆಂಟಿ, ಆಗಸ್ಟ್‌ನಲ್ಲಿ ಥಾಮಸ್ ಹರ್ನ್ಸ್. ಆದರೆ ಕೋಚ್ ಹೇಳೋದು ಬೆಲ್ಟ್‌ಗಳ ಕಥೆ ಅಲ್ಲ. ಸ್ಟೀವರ್ಡ್ ಹುಡುಗರನ್ನ ಮನೆಗೆ ಕರ್ಕೊಂಡು ಹೋಗಿ ತಾವೇ ಅಡುಗೆ ಮಾಡಿ ಬಡಿಸ್ತಿದ್ದರು, ಎಷ್ಟೋ ಹುಡುಗರು ಅಲ್ಲೇ ಉಳಿದುಕೊಳ್ತಿದ್ದರು. "ಹೊಟ್ಟೆ ತುಂಬಿದವನಿಗೆ ಸಿಟ್ಟು ಕಡಿಮೆ" ಅನ್ನೋದು ನಮ್ಮ ಕೋಚ್ ಅದರಿಂದ ಕಟ್ಟಿಕೊಂಡ ಸಿದ್ಧಾಂತ. ಶನಿವಾರ ಕ್ಲಾಸ್ ಆದಮೇಲೆ ಮಡಚೋ ಟೇಬಲ್ ಹಾಕಿ ದೊಡ್ಡ ಪಾತ್ರೆ ಇಡ್ತಾರೆ. ಎಲ್ಲರೂ ಕೂತು ತಿನ್ನಲೇಬೇಕು, ಹೊಡೆಸಿಕೊಂಡವನೂ ಹೊಡೆದವನೂ ಅಕ್ಕಪಕ್ಕ.

ನನಗೆ ಹಿಡಿಸಿದ ಕಥೆ ಬೇರೆ. 2004ರ ಏಪ್ರಿಲ್‌ನಲ್ಲಿ ವ್ಲಾದಿಮಿರ್ ಕ್ಲಿಟ್ಸ್ಕೊ, ಸ್ಟೀವರ್ಡ್ ಕೈಕೆಳಗೆ ಆಡಿದ ಮೊದಲ ಪಂದ್ಯದಲ್ಲೇ ಲೇಮನ್ ಬ್ರೂಸ್ಟರ್‌ಗೆ ಸೋತ. ಅವನ ಕಥೆ ಮುಗೀತು ಅಂದವರೇ ಹೆಚ್ಚು. ಸ್ಟೀವರ್ಡ್ ಮಾತ್ರ ಬಿಡಲಿಲ್ಲ. ಕ್ಲಿಟ್ಸ್ಕೊ ಮತ್ತೆ ಸೋತಿದ್ದು 2015ರಲ್ಲಿ. ಒಂದು ಡೇಟಾ ಪಾಯಿಂಟ್ ನೋಡಿ ಮಾಡೆಲ್ ಎಸೀಬೇಡಿ ಅಂತ ನಾವು ಇಂಟರ್ನ್‌ಗಳಿಗೆ ಹೇಳ್ತೀವಲ್ಲ, ಅದೇ. ನನ್ನನ್ನೂ ಒಂದು ಹೊಡೆತ ನೋಡಿ ಆಚೆ ಹಾಕಬಹುದಿತ್ತು.

ಸ್ಟೀವರ್ಡ್ ತೀರಿಕೊಂಡಿದ್ದು 2012ರ ಅಕ್ಟೋಬರ್ 25ರಂದು, ನಮ್ಮ ಷಿಕಾಗೋದಲ್ಲೇ. ಆ ನೆಲಮಾಳಿಗೆ ಅದಕ್ಕೂ ಮುಂಚೆ, 2006ರಲ್ಲಿ, ಯಾರೋ ತಾಮ್ರದ ಪೈಪ್ ಕದ್ದ ಮೇಲೆ ಮುಚ್ಚಿತ್ತು. 2017ರಲ್ಲಿ ಕಟ್ಟಡಕ್ಕೆ ಬೆಂಕಿಯೂ ಬಿತ್ತು.

ಷಿಕಾಗೋಗೆ ಇನ್ನೊಂದು ಥರದ ಗುರುವೂ ಇದ್ದ. ಜಾನ್ ಕೀಹನ್ ಅಂತ. ಕೌಂಟ್ ಡಾಂಟೆ ಅನ್ನೋ ಹೆಸರಿಟ್ಟುಕೊಂಡು, ಜಗತ್ತಿನ ಅತಿ ಅಪಾಯಕಾರಿ ಮನುಷ್ಯ ತಾನೇ ಅಂತ ಕಾಮಿಕ್ ಪುಸ್ತಕಗಳಲ್ಲಿ ಜಾಹೀರಾತು ಕೊಡ್ತಿದ್ದ. 1970ರ ಏಪ್ರಿಲ್‌ನಲ್ಲಿ ತನ್ನವರನ್ನ ಕಟ್ಟಿಕೊಂಡು ಎದುರಾಳಿಗಳ ಶಾಲೆಗೆ ನುಗ್ಗಿದ. ಆ ಗಲಾಟೆಯಲ್ಲಿ ಅವನ ಗೆಳೆಯ ಜಿಮ್ ಕೊನ್ಸೆವಿಕ್ ಇರಿತಕ್ಕೆ ಸಿಕ್ಕಿ ಸತ್ತ. ಇದನ್ನ ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ.

ಪ್ಯಾಡ್ ಹಿಡಿಯೋ ಕೆಲಸಕ್ಕೆ ಬರ್ತೀನಿ. ನೀವು ಹಿಡಿದು ನೋಡಬೇಕು. ಪೂರ್ತಿ ಗಮನ ಎದುರಿನವರ ಮೇಲೆ. ಅವರ ಉಸಿರು ಎಲ್ಲಿ ಕಟ್ಟುತ್ತೆ, ಯಾವ ಕಾಲು ತಡವಾಗಿ ಬರುತ್ತೆ ಅಂತ ನೋಡ್ತಾ ಇರಬೇಕು. ನಿಮಗೆ ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತೇ ಇರಲ್ಲ. ಮೊದಲ ವಾರ ಅದು ಅವಮಾನ ಅನ್ನಿಸ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ, ಕೈನೋವು ಅದಕ್ಕೇ ಪ್ಯಾಡ್ ಹಿಡೀತಿದ್ದೀನಿ ಅಂತ ಹೊಸಬರೊಬ್ಬರಿಗೆ ಸುಳ್ಳು ಹೇಳಿದೆ. ಕೋಚ್ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಮಾರನೇ ದಿನ ನಾನೇ ಹೋಗಿ ಆ ಹೊಸಬರಿಗೆ ನಿಜ ಹೇಳಿದೆ. ಅಜ್ಜನ ಫೋಟೋದಲ್ಲಿ ಮೀಸೆ ತುಂಬ ಮಣ್ಣಿದೆ, ನಗ್ತಾ ನಿಂತಿದ್ದಾರೆ. ಅಮ್ಮನಿಗೆ ಹೇಳಿ ಅದರ ಸ್ಕ್ಯಾನ್ ತರಿಸಿಕೊಂಡೆ.

ಹುಡುಗ ಎರಡು ವಾರ ಬರಲೇ ಇಲ್ಲ. ಮೂರನೇ ವಾರ ಬಂದ. ಪಾರ್ಕಿಂಗ್ ಲಾಟ್‌ನಲ್ಲೇ ಕ್ಷಮೆ ಕೇಳಿದೆ, ಕಾರಣ ಗೀರಣ ಹೇಳದೆ. "ಓಕೆ" ಅಂದು ಒಳಗೆ ಹೋದ. ನನ್ನ ಮನಸ್ಸಿನಲ್ಲಿ ತಯಾರಾಗಿದ್ದ ದೊಡ್ಡ ದೃಶ್ಯ ನಡೀಲೇ ಇಲ್ಲ.

ಈಗ ವಾರಕ್ಕೆ ಎರಡು ಸಲ ಅವನಿಗೆ ಪ್ಯಾಡ್ ಹಿಡೀತೀನಿ. ಜೋರಾಗೇ ಹೊಡೀತಾನೆ. ನನ್ನ ಜೊತೆ ರಿಂಗ್‌ಗೆ ಇನ್ನೂ ಇಳಿದಿಲ್ಲ. ಕೋಚ್ ಕೇಳಿಲ್ಲ, ನಾನೂ ಕೇಳಿಲ್ಲ. ಹೋದ ಶನಿವಾರ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ, ಒಗ್ಗರಣೆಗೆ ಕಡಲೆಬೀಜ ಸ್ವಲ್ಪ ಸೀದಿತ್ತು. ಅವನು ಎರಡನೇ ಸಲ ಬಡಿಸಿಕೊಂಡ.