ಅರುವತ್ತರಲ್ಲಿ ಅಕ್ಷರಾಭ್ಯಾಸ

ಸಂಸ್ಕೃತವನ್ನು ಓದಿ, ಓದಿಸಿ, ಅರುವತ್ತನ್ನು ಮುಟ್ಟಿದ ನಾವು ನಿವೃತ್ತರಾದ ಬಳಿಕ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಅಭ್ಯಾಸಕ್ಕೆ ತೊಡಗಿದೆವು. 8 ವಿಭಕ್ತಿಗಳನ್ನು ಬಲ್ಲವರಿಗೆ ಜರ್ಮನ್ನಿನ 4 ಏನು ಮಹಾ ಎಂಬ ಗರ್ವವಿದ್ದಿತು. ಲಿಂಗವು ಅದನ್ನು ಮುರಿಯಿತು. ಜರ್ಮನ್ನಿನಲ್ಲಿ ಸೂರ್ಯವಾಚಕವು ಸ್ತ್ರೀಲಿಂಗ, ಚಂದ್ರವಾಚಕವು ಪುಲ್ಲಿಂಗ. ಫ್ರೆಂಚಿನಲ್ಲಿ ಇದಕ್ಕೆ ವಿಪರ್ಯಯ. ಹುಡುಗಿ ಎಂಬರ್ಥದ ಜರ್ಮನ್ ಶಬ್ದ ‘ಮೇಡ್‌ಷೆನ್’ ನಪುಂಸಕ! ನಗುವಷ್ಟರಲ್ಲಿ, ಪತ್ನೀವಾಚಕವಾದ ನಮ್ಮ ‘ದಾರ’ ಶಬ್ದವು ಪುಲ್ಲಿಂಗ, ‘ಕಲತ್ರ’ವು ನಪುಂಸಕವೆಂಬುದು ನೆನಪಾಯಿತು. ಇದನ್ನೇ ತಪ್ಪಿದ ಹುಡುಗನೊಬ್ಬನನ್ನು ನಾವು ಹಿಂದೆ ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಅವನು ಮರುವರ್ಷ ಸಂಸ್ಕೃತವನ್ನೇ ಬಿಟ್ಟನು.

ಈಗ ನಮಗೆ ಪಾಠ ಹೇಳುವ ತರುಣಿಯು ಅದೇ ತಪ್ಪನ್ನು ಹತ್ತನೆಯ ಸಾರಿಯೂ ನಗುಮುಖದಿಂದಲೇ ತಿದ್ದುತ್ತಾಳೆ. ಆಗೆಲ್ಲ ಆ ಹುಡುಗನ ಮುಖವು ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ವಾಚಕ ಮಹಾಶಯರೇ, ಮನೆಯ ಮಕ್ಕಳನ್ನು ಗದರಿಸುವ ಮೊದಲು ಒಂದು ಹೊಸ ಭಾಷೆಗೆ ಶಿಷ್ಯರಾಗಿ ನೋಡಿರಿ.