ತದಿಗೆಯ ಮಡಕೆ

ಅಕ್ಷಯ ತೃತೀಯಕ್ಕೆ ಚಿನ್ನ ಕೊಳ್ಳಬೇಕೆಂಬುದು ನಮ್ಮಜ್ಜಿಗೆ ಗೊತ್ತೇ ಇರಲಿಲ್ಲ. ವೈಶಾಖ ಶುದ್ಧ ತದಿಗೆ ಅಂದರೆ ಅವಳಿಗೆ ಉದಕುಂಭ ದಾನದ ದಿನ. ಹೊಸ ಮಡಕೆಗೆ ನೀರು ತುಂಬಿ, ಲಾವಂಚದ ಬೇರು, ಒಂದೆರಡು ಏಲಕ್ಕಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹಿರಿಯರ ಹೆಸರು ಹೇಳಿ ಕೊಡುವುದು. ಉರಿಬಿಸಿಲಲ್ಲಿ ಇಲ್ಲಿ ಯಾರದೋ ಗಂಟಲು ತಣ್ಣಗಾದರೆ ಅಲ್ಲಿ ಹೋದವರ ಬಾಯಾರಿಕೆಯೂ ತೀರುತ್ತದೆಂಬ ನಂಬಿಕೆ. ಪುರೋಹಿತರಿಗೆ ಒಂದು ಕೊಟ್ಟಾದ ಮೇಲೆ ಇನ್ನೊಂದು ಮಡಕೆ ಬಳೆಗಾರನಿಗೋ ಹಿಟ್ಟಿನ ಗಿರಣಿಯವನಿಗೋ ಹೋಗುತ್ತಿತ್ತು. ನಾನು ಉಳಿಸಿಕೊಂಡು ಬಂದಿರುವುದು ಆ ಎರಡನೆಯ ಮಡಕೆಯನ್ನು.

ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬೆಂಗಳೂರಿನ ಪಾಟರಿ ಟೌನಿಗೆ ಹೋಗುತ್ತೇನೆ. ಮೊದಲ ವರ್ಷ ಕೆಂಪಗೆ ನುಣ್ಣಗೆ ಇದ್ದುದನ್ನೇ ಎತ್ತಿಕೊಂಡಿದ್ದೆ. "ಬಣ್ಣ ನೋಡ್ಬೇಡಿ ಅಕ್ಕ, ಬಡಿದು ನೋಡಿ" ಅಂದಳು ಮಾರುವಾಕೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದ ಮಡಕೆ ಠಣ್ಣೆನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಸತ್ತುಹೋಗುತ್ತದೆ.

ಮಡಕೆ ಹುಟ್ಟುವುದೂ ಬಡಿತದಿಂದಲೇ. ತಿಗರಿಯ ಮೇಲೆ ಅದಕ್ಕೆ ಬಾಯಿ, ಕುತ್ತಿಗೆ ಬರುತ್ತವೆ. ಅರೆ ಒಣಗಿದ ಮೇಲೆ ಒಳಗೊಂದು ದುಂಡುಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಹೊಟ್ಟೆ ಉಬ್ಬಿಸುತ್ತಾರೆ. ಕೈ ಒಂದಿಷ್ಟು ತಪ್ಪಿದರೆ ತೂತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಲಯಕ್ಕೆ ಶಿವನೇ ಬಂದು ಕುಣಿಯುತ್ತಾನಲ್ಲ, ಪಾಟರಿ ಟೌನಿನ ಓಣಿಯಲ್ಲಿ ಒಂದು ಗಳಿಗೆ ನಿಂತು ಕೇಳಿದವರಿಗೆ ಅದು ಬರೀ ಕಥೆ ಅನಿಸುವುದಿಲ್ಲ.

"ಹೋದ ವರ್ಷ ಕೊಟ್ಟಿದ್ದು ಇನ್ನೂ ಗಟ್ಟಿಯಾಗಿದೆ, ಮತ್ಯಾಕೆ?" ಎಂದು ಕೇಳುವವರಿದ್ದಾರೆ. ಗಟ್ಟಿ ಇರಬಹುದು, ತಂಪು ಇರುವುದಿಲ್ಲ. ಆವಿಗೆಯಲ್ಲಿ ಬೆಂದ ಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವುಗಳಲ್ಲಿ ನೀರು ಜಿನುಗಿ, ಹೊರಮೈಯಲ್ಲಿ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಆ ರಂಧ್ರಗಳು ಬರಬರುತ್ತ ಮುಚ್ಚಿಕೊಳ್ಳುತ್ತವೆ. ಹೊರಗೆ ಬಿಳಿ ಉಪ್ಪು ಕಟ್ಟಿದ್ದು ಕಂಡರೆ ಅದಕ್ಕೆ ವಯಸ್ಸಾಯಿತೆಂದೇ ಲೆಕ್ಕ. ಮಣ್ಣು ತುಂಬಿ ಕನಕಾಂಬರ ನೆಡಿ ಅನ್ನುತ್ತೇನೆ. ಗಾಜಿನಂಥ ಹೊಳಪಿನ ಲೇಪ ಕೊಟ್ಟ ಹೂಜಿಗಳೂ ಈಗ ಸಿಗುತ್ತವೆ, ನೋಡಲು ಬಲು ಚೆಂದ. ಆದರೆ ಲೇಪ ರಂಧ್ರಗಳನ್ನು ಮೊದಲೇ ಮುಚ್ಚಿಬಿಟ್ಟಿರುತ್ತದೆ. ಬೇಸಿಗೆಯ ದಾನಕ್ಕೆ ಅದು ಬೇಡ.

ತಂದ ಮಡಕೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಬೇಕು. ಒಣಮಣ್ಣು ನೀರು ಹೀರುವಾಗ ಸುಯ್ಯೆನ್ನುವ ಸದ್ದು, ಮೊದಲ ಮಳೆಯ ವಾಸನೆ. ಅಷ್ಟು ಹೊತ್ತು ಅಡುಗೆಮನೆ ಬಿಟ್ಟು ಹೋಗಲು ನನಗೆ ಮನಸ್ಸಾಗುವುದಿಲ್ಲ.

ಈ ಸಲ ಮಡಕೆ ಹೋದದ್ದು ನಮ್ಮ ಕಟ್ಟಡದ ಕಾವಲಿನವರಿಗೆ. ರಾಯಚೂರು ಕಡೆಯವರು. "ಗಡಿಗಿ ತಂದೀರೇನ್ರೀ ಅವ್ವಾರ!" ಎಂದು ಎರಡೂ ಕೈಯಲ್ಲಿ ಇಸಿದುಕೊಂಡರು. ಎಲ್ಲಿಡಬೇಕೆಂದು ನಾನು ಹೇಳಬೇಕಾಗಲಿಲ್ಲ. ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಉಸುಕನ್ನು ಮೆಟ್ಟಿಲ ಕೆಳಗೆ ಹರಡಿ, ನೀರು ಚಿಮುಕಿಸಿ, ಅದರ ಮೇಲೆ ಕೂರಿಸಿದರು. ಸಂಜೆ ಇಳಿದು ಬಂದಾಗ ಕೊರಿಯರ್ ಹುಡುಗನೊಬ್ಬ ಹೆಲ್ಮೆಟ್ ಕಂಕುಳಲ್ಲಿ ಅಮುಕಿಕೊಂಡು, ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದ. ಮಡಕೆಯ ಹೊಟ್ಟೆಯೆಲ್ಲ ಬೆವೆತಿತ್ತು.