“ಅದು ನಂಗೂ ಆಗೈತಂತೆ” ಅಂದ ತಂಗಿಗೆ

ಈ ಪೋಸ್ಟನ್ನ ಮೂರು ಸಲ ಬರೆದು ಮೂರು ಸಲ ಅಳಿಸಿದ್ದೀನಿ. ಇವತ್ತು ಹಾಕ್ತಾ ಇದ್ದೀನಿ. ಉದ್ದ ಇದೆ, ಸಮಾಧಾನವಾಗಿ ಓದಿ.

ಕಳೆದ ವಾರ ನನ್ನಿವಾಳದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. ಹೆಸರು, ಕೇರಿ ಯಾವುದೂ ಬೇಡ. “ಅಕ್ಕಾ, ನಿಂಗೆ ಆಗಿತ್ತಂತಲ್ಲ, ಅದು ನಂಗೂ ಆಗೈತಂತೆ. ಪೂರ್ತಿ ತೆಗೀಬೇಕೋ ಗಡ್ಡೆ ಮಾತ್ರ ತೆಗೀಬೇಕೋ ನೀನೇ ಹೇಳು ಅಂತ ಡಾಕ್ಟ್ರು ಕೇಳ್ತಾವ್ರೆ. ನಾನೇನ್ ಹೇಳ್ಲಿ?” ಅಂದಳು.

“ಅದು” ಅಂದಳು. ಕಾಯಿಲೆ ಹೆಸರೂ ಬಾಯಿಗೆ ಬರಲಿಲ್ಲ, ಅಂಗದ ಹೆಸರೂ ಬರಲಿಲ್ಲ. ಅವಳನ್ನ ಏನಂತ ಬಯ್ಯಲಿ? ನಾನೂ ಹಾಗೇ ಇದ್ದೆ.

ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಮಾತಾಡಿದವಳು ನಾನು. ಹೋಟೆಲಿನ ಬೇರೆ ಲೋಟ, ಸ್ಮಶಾನದ ಜಾಗ, ದೇವಸ್ಥಾನದ ಬಾಗಿಲು, ಒಳಮೀಸಲಾತಿ. ತಾಲೂಕು ಕಚೇರಿ ಮುಂದೆ ಗಂಟಲು ಹರಿದುಕೊಂಡು ಕೂಗಿದ್ದೀನಿ. ಆದರೆ 2022ರ ನವೆಂಬರಿನಲ್ಲಿ, ಶೇಂಗಾ ಕಿತ್ತು ಬಂದು ಸ್ನಾನ ಮಾಡ್ತಾ ಇದ್ದಾಗ ಎಡಗಡೆ ಮೊಲೆಯಲ್ಲಿ ಅವರೆಕಾಳಿನಂಥ ಗಟ್ಟಿ ಗಂಟು ಕೈಗೆ ಸಿಕ್ಕಾಗ, ಆ ಎರಡಕ್ಷರದ ಪದವನ್ನ ಯಾರ ಮುಂದೆಯೂ ಹೇಳಲಾಗಲಿಲ್ಲ. ನೋವಿರಲಿಲ್ಲ. ನೋವಿಲ್ಲದ್ದು ಕಾಯಿಲೆ ಹೆಂಗಾಗುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಎರಡು ತಿಂಗಳು ಹೋಯ್ತು.

ಕೊನೆಗೆ ಬಾಯಿ ಬಿಟ್ಟಿದ್ದು ಆಶಾ ಕಾರ್ಯಕರ್ತೆಯ ಮುಂದೆ. ಅವಳು ಭಾಷಣ ಮಾಡಲಿಲ್ಲ. “ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು ಅಕ್ಕ, ನಾಳೆ ಬೆಳಿಗ್ಗೆ ಬಸ್ಸಿಗೆ ಬಾ” ಅಂದಳು, ಅಷ್ಟೇ. ಜೊತೆಗೆ ಬಂದಳು ಕೂಡ. ಚಳ್ಳಕೆರೆ, ಆಮೇಲೆ ಚಿತ್ರದುರ್ಗ, ಅಲ್ಲಿಂದ ಬೆಂಗಳೂರು. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಗಡ್ಡೆ ಎರಡೂವರೆ ಸೆಂಟಿಮೀಟರ್. ಕ್ಯಾನ್ಸರ್.

ಯಾವ ಆಸ್ಪತ್ರೆ ಅಂತ ಬರೆಯಲ್ಲ. ನನ್ನ ಜಗಳ ಆಸ್ಪತ್ರೆ ಜೊತೆಗಲ್ಲ.

ನಮ್ಮ ಹೋರಾಟದ ಅಣ್ಣಂದಿರು ಕೈ ಬಿಡಲಿಲ್ಲ, ಅದನ್ನ ಮೊದಲು ಹೇಳಬೇಕು. ಒಬ್ಬರು ರೇಷನ್ ಕಾರ್ಡ್ ಜೆರಾಕ್ಸ್ ಹಿಡ್ಕೊಂಡು ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ನಿಂತರು. ಒಬ್ಬರು ಪರಿಚಯದವರ ಹತ್ತಿರ ದುಡ್ಡು ಎತ್ತಿದರು. ಆದರೆ ಪೂರ್ತಿಯೋ ಗಡ್ಡೆ ಮಾತ್ರವೋ ಅನ್ನೋ ಮಾತು ಬಂದಾಗ ಎಲ್ಲರೂ ಒಂದೇ ಮಾತು ಹೇಳಿದರು: “ತೆಗೆಸಿಬಿಡು. ಜೀವ ಮುಖ್ಯ. ಈ ವಯಸ್ಸಲ್ಲಿ ಅದೇನು ಬೇಕು?”

ನನಗೆ ಆಗ 44 ವರ್ಷ. ಮದುವೆ ಆಗಿಲ್ಲ, ಮಕ್ಕಳಿಲ್ಲ. ಹಾಗಾಗಿ ನನ್ನ ಮೊಲೆ ಯಾರ ಉಪಯೋಗಕ್ಕೂ ಇಲ್ಲ ಅನ್ನೋದು ಅವರ ಲೆಕ್ಕ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಿನಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ದೇಹದ ಮೇಲೆ ಬೇರೆಯವರ ತೀರ್ಮಾನ ನಡೆಯಬಾರದು ಅಂತ ಭಾಷಣ ಮಾಡಿದವಳು ತುಟಿ ಹೊಲ್ಕೊಂಡು ತಲೆ ಆಡಿಸ್ತಾ ಕೂತಿದ್ದೆ.

ಕೇಳಿದ್ದು ಬೇರೆಯವರು. ಆಸ್ಪತ್ರೆ ಹತ್ತಿರದ ಧರ್ಮಶಾಲೆಯಲ್ಲಿ ಉಳಿದುಕೊಂಡಿದ್ದ ಹೆಂಗಸರು.

ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ಪಾವಗಡದಕ್ಕ, ರಾಯಚೂರಮ್ಮ, ಕೋಲಾರದ ಹುಡುಗಿ. ನಾನು ಚಳ್ಳಕೆರೆಯವಳಾದೆ. ಸಂಜೆ ಬಟ್ಟೆ ಒಣಹಾಕೋ ಮಹಡಿ ಮೇಲೆ ಎಲ್ಲರೂ ಸೇರ್ತಿದ್ವಿ. ಯಾರ ಕೂದಲು ಯಾವ ವಾರ ಉದುರಿತು, ಬಾಯಿ ಹುಣ್ಣಿಗೆ ಏನು ತಿನ್ನಬೇಕು, ಯಾವ ಕಿಟಕಿಯಲ್ಲಿ ಸೀಲು ಬೇಗ ಹಾಕ್ತಾರೆ, ಎಲ್ಲಾ ಅಲ್ಲೇ ಗೊತ್ತಾಗ್ತಿತ್ತು. ಮೊದಲನೇ ದಿನವೇ ರಾಯಚೂರಮ್ಮ ಕೇಳಿದಳು: “ಪೂರಾ ತೆಗೀತಾರೇನು, ಅರ್ಧ ತೆಗೀತಾರೇನು? ನಿನಗ ಹ್ಯಾಂಗ ಬೇಕು?”

ನಿನಗ ಹ್ಯಾಂಗ ಬೇಕು. ಇಷ್ಟು ದಿನದಲ್ಲಿ ಆ ಪ್ರಶ್ನೆ ಬಂದಿದ್ದು ಅವತ್ತೇ ಮೊದಲು. ನನಗೆ ಉತ್ತರ ಗೊತ್ತಿರಲಿಲ್ಲ, ಅತ್ತುಬಿಟ್ಟೆ.

ಅವಳಿಗೆ ಆಯ್ಕೆಯೇ ಇರಲಿಲ್ಲ. ಬಂದಾಗಲೇ ಗಡ್ಡೆ ಒಡೆದು ಹುಣ್ಣಾಗಿತ್ತು. ಹತ್ತಿ ಬಿಡಿಸೋ ಕಾಲ, ಗೌಡರ ಹತ್ತಿರ ಸಾಲ, ಊರು ಬಿಟ್ಟು ಬರೋ ಹಾಗಿರಲಿಲ್ಲ. “ನಿನ್ನ ಕೇಳ್ಯಾರಲ್ಲ, ಅದ ದೊಡ್ಡದು. ಕೇಳಿದಾಗ ವಿಚಾರ ಮಾಡು” ಅಂದಳು.

ವಿಚಾರ ಮಾಡೋದು ಹೆಂಗೆ? ವಿಷಯ ತಿಳ್ಕೊಂಡು. ಕೋಲಾರದ ಹುಡುಗಿ ಡಿಗ್ರಿ ಓದಿದವಳು. ಗಡ್ಡೆ ಮಾತ್ರ ತೆಗೆಸಿಕೊಂಡು ರೇಡಿಯೇಷನ್‌ಗೆ ಬರ್ತಿದ್ದಳು. ಫೋನಿನಲ್ಲಿ ಓದಿ ನಮಗೆಲ್ಲ ಹೇಳ್ತಿದ್ದಳು. ನೂರು ವರ್ಷದ ಹಿಂದೆ ಈ ಕಾಯಿಲೆಗೆ ಮೊಲೆ, ಎದೆಯ ಮಾಂಸಖಂಡ, ಕಂಕುಳ ಗಂಟು ಎಲ್ಲವನ್ನೂ ಕಿತ್ತು ತೆಗೀತಿದ್ದರಂತೆ. ಹೆಚ್ಚು ಕತ್ತರಿಸಿದರೆ ಹೆಚ್ಚು ಬದುಕ್ತಾರೆ ಅನ್ನೋ ನಂಬಿಕೆ. ಇಟಲಿಯ ವೆರೋನೇಸಿ, ಅಮೆರಿಕದ ಫಿಶರ್ ಅನ್ನೋ ಇಬ್ಬರು ಸರ್ಜನ್‌ಗಳು ಇದನ್ನ ಪರೀಕ್ಷೆ ಮಾಡಿಯೇ ನೋಡೋಣ ಅಂದರು. ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟವರನ್ನೂ, ಪೂರ್ತಿ ತೆಗೆದವರನ್ನೂ 20 ವರ್ಷ ಹಿಂಬಾಲಿಸಿದರು. 2002ರಲ್ಲಿ ಎರಡೂ ಫಲಿತಾಂಶ ಪ್ರಕಟ ಆಯ್ತು. ಬದುಕಿದವರ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ.

ಅಂದರೆ “ಜೀವ ಬೇಕಾದರೆ ಪೂರ್ತಿ ತೆಗೆಸು” ಅನ್ನೋದು ನನ್ನಂಥ ಗಡ್ಡೆಯ ಮಟ್ಟಿಗೆ ಸುಳ್ಳು. ಎಲ್ಲರಿಗೂ ಅಲ್ಲ. ಗಡ್ಡೆ ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ, ಪೂರ್ತಿ ತೆಗೀಲೇಬೇಕಾಗಬಹುದು. ಅದನ್ನ ಡಾಕ್ಟರೇ ಹೇಳಬೇಕು.

ಪಾವಗಡದಕ್ಕ ಓದಿದವಳಲ್ಲ. ಒಂದು ರಾತ್ರಿ ನನ್ನನ್ನ ಸ್ನಾನದ ಮನೆಗೆ ಕರ್ಕೊಂಡು ಹೋಗಿ ಚಿಲಕ ಹಾಕಿ, ರವಿಕೆ ಬಿಚ್ಚಿ ತೋರಿಸಿದಳು. “ನೋಡ್ಕೊಳಮ್ಮ. ನೋಡ್ದೆ ಹೆದರ್ಕಬ್ಯಾಡ” ಅಂದಳು. ಎದೆ ಸಪಾಟಾಗಿತ್ತು. ಅಡ್ಡಕ್ಕೆ ಒಂದು ಗೆರೆ, ಕಂಕುಳವರೆಗೂ. ಮುಟ್ಟು ಅಂದಳು, ಮುಟ್ಟಿದೆ. “ಅಲ್ಲಿ ಗೊತ್ತಾಗಲ್ಲ, ಜೋಮು” ಅಂದಳು. ಯಾವ ಪುಸ್ತಕವೂ ಅಷ್ಟು ಹೇಳಿರಲಿಲ್ಲ.

ಅಲ್ಲಿ ಎಲ್ಲರೂ ಅಕ್ಕತಂಗಿಯರಾಗಿದ್ವಿ ಅಂತ ಸುಳ್ಳು ಬರೆಯಲ್ಲ. ಒಬ್ಬಾಕೆ ಮೂರನೇ ದಿನ “ನಿಮ್ದು ಯಾವ ಜನ?” ಅಂದಳು. “ಮಾದಿಗರು” ಅಂದೆ. ಮಾರನೇ ದಿನದಿಂದ ಅವಳ ಚೊಂಬು ನಮ್ಮ ಪಾತ್ರೆ ಸಾಲಿನಿಂದ ದೂರ ಹೋಯ್ತು. ಅವಳ ರಕ್ತಕ್ಕೂ ನನ್ನ ರಕ್ತಕ್ಕೂ ಒಂದೇ ಔಷಧಿ ಇಳೀತಿತ್ತು, ಚೊಂಬು ಮಾತ್ರ ಬೇರೆ. ಜಗಳ ಮಾಡೋ ಶಕ್ತಿ ಅವತ್ತು ನನ್ನಲ್ಲಿರಲಿಲ್ಲ. ತಿಂಗಳಾದ ಮೇಲೆ ಅವಳೇ ಹತ್ತಿರ ಬಂದು “ಕಂಕುಳ ಗಂಟು ತೆಗೆದ್ರೆ ಕೈ ಊದುತ್ತಂತೆ, ಹೌದಾ?” ಅಂತ ಕೇಳಿದಳು. ಹೇಳಿದೆ: ಊದಬಹುದು, ಆ ಕೈಗೆ ಮುಳ್ಳು, ಸುಟ್ಟಗಾಯ ಆಗದಂತೆ ನೋಡ್ಕೊ, ಗೋಡೆ ಮೇಲೆ ಬೆರಳು ಹತ್ತಿಸೋ ವ್ಯಾಯಾಮ ದಿನಾ ಮಾಡು, ಊದಿದರೆ ತಡ ಮಾಡದೆ ತೋರಿಸು. ಚೊಂಬು ವಾಪಸ್ ಬರಲಿಲ್ಲ. ಅವಳು ಬದಲಾದಳು ಅಂತ ಕತೆ ಕಟ್ಟಲ್ಲ. ನನಗೆ ಗೊತ್ತಿದ್ದನ್ನ ಮುಚ್ಚಿಡಲಿಲ್ಲ, ನನ್ನ ಕೈಲಾಗಿದ್ದು ಅಷ್ಟು.

ಸರಿ, ನಾನೇನು ತೀರ್ಮಾನ ಮಾಡಿದೆ?

ಪೂರ್ತಿ ತೆಗೆಸಿದೆ.

ಹೆದರಿ ಅಲ್ಲ, ಅಣ್ಣಂದಿರು ಹೇಳಿದರು ಅಂತಲೂ ಅಲ್ಲ. ನನ್ನ ಲೆಕ್ಕ ಬೇರೆ ಇತ್ತು. ಉಳಿಸಿಕೊಂಡರೆ ರೇಡಿಯೇಷನ್ ಕಡ್ಡಾಯ. ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಬೆಂಗಳೂರಲ್ಲೇ ಇರಬೇಕು. ಕಿಮೋದ ಓಡಾಟ ಇದ್ದೇ ಇತ್ತು, ಅದರ ಮೇಲೆ ಇದು. ಮನೆಯಲ್ಲಿ ಅವ್ವ ಒಬ್ಬಳೇ, ಎರಡೂ ಕಣ್ಣಿಗೆ ಪೊರೆ. ನನ್ನ ಕೂಲಿ ನಿಂತರೆ ಒಲೆ ನಿಲ್ಲುತ್ತೆ. ಪೂರ್ತಿ ತೆಗೆಸಿದರೆ ಆ ವಾರಗಳು ಉಳೀತಾವೆ ಅಂದ್ಕೊಂಡೆ. 2023ರ ಮಾರ್ಚಿನಲ್ಲಿ ಆಪರೇಷನ್ ಆಯ್ತು.

ಎರಡು ವಾರಕ್ಕೆ ರಿಪೋರ್ಟ್ ಬಂತು. ಕಂಕುಳಿನ ಐದು ಗಂಟುಗಳಲ್ಲಿ ಕ್ಯಾನ್ಸರ್. ಹಾಗಾಗಿ ಪೂರ್ತಿ ತೆಗೆಸಿದ್ದರೂ ರೇಡಿಯೇಷನ್ ಬೇಕು ಅಂದರು.

ಕಾಲ ಕೆಳಗಿನ ನೆಲ ಕುಸಿದಂಗಾಯ್ತು. ಡಾಕ್ಟರಮ್ಮ ಮೋಸ ಮಾಡಿರಲಿಲ್ಲ. “ಪೂರ್ತಿ ತೆಗೆದರೆ ಬಹುಶಃ ರೇಡಿಯೇಷನ್ ಬೇಡ, ಗಂಟುಗಳ ರಿಪೋರ್ಟ್ ನೋಡಿ ಹೇಳ್ತೀವಿ” ಅಂತ ಮೊದಲೇ ಹೇಳಿದ್ದರು. ನನ್ನ ಕಿವಿಗೆ “ಬೇಡ” ಅಷ್ಟೇ ಬಿದ್ದಿತ್ತು. “ಬಹುಶಃ” ಬಿದ್ದಿರಲಿಲ್ಲ. ಒಲೆಯ ಚಿಂತೆಯಲ್ಲಿದ್ದವಳಿಗೆ ಅದು ಕೇಳಿಸೋದೂ ಇಲ್ಲ. ಅದಕ್ಕೇ ಒಬ್ಬರೇ ಹೋಗಬಾರದು ಅನ್ನೋದು. ಇನ್ನೊಂದು ಜೊತೆ ಕಿವಿ ಬೇಕು.

ಪಶ್ಚಾತ್ತಾಪ ಇದೆಯಾ ಅಂತ ಕೇಳಬಹುದು. ಕೆಲವು ದಿನ ಇದೆ. ಕೆಲವು ದಿನ ಇಲ್ಲ. ಇರೋ ದಿನವೂ ನಾನು ಸಹಿ ಹಾಕಿದ್ದೀನಿ, ನನ್ನ ಲೆಕ್ಕಕ್ಕೆ ನಾನು ಹಾಕಿದ್ದೀನಿ ಅನ್ನೋದು ಒಂದು ಆಸರೆ.

ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಹೆಂಗಸರಿಗೆ ಬಿಟ್ಟಿ ಬಸ್ಸು ಯಾಕೆ, ಧರ್ಮಸ್ಥಳ ಸುತ್ತೋಕಾ ಅಂತ ಆಡ್ಕೊಂಡವರಿಗೆ ಒಂದು ಮಾತು. ಉಳಿದ ಕಿಮೋಗಳಿಗೆ, ಆಮೇಲೆ ರೇಡಿಯೇಷನ್‌ಗೆ ನಾನು ಹೋಗಿದ್ದು ಅದೇ ಕೆಂಪು ಬಸ್ಸಿನಲ್ಲಿ, ಶೂನ್ಯ ಟಿಕೆಟಿನಲ್ಲಿ. ಕೇರಿಯ ಹೆಂಗಸರು ಪಾಳಿ ಹಾಕ್ಕೊಂಡು ಜೊತೆಗೆ ಬಂದರು. ಮೊದಲಾಗಿದ್ದರೆ ಇಬ್ಬರ ಬಸ್ ಚಾರ್ಜಿಗೆ ಹೆದರಿ ಒಬ್ಬಳೇ ಹೋಗ್ತಿದ್ದೆ. ರೇಡಿಯೇಷನ್ನಿನ ವಾರಗಳಲ್ಲಿ ಅವ್ವನಿಗೆ ಮುದ್ದೆ ಮಾಡಿಕೊಟ್ಟಿದ್ದೂ ಅವರೇ. ನಾನು ಯಾವ ಲೆಕ್ಕ ಹಾಕಿ ಮೊಲೆ ಕಳ್ಕೊಂಡೆನೋ ಆ ಲೆಕ್ಕದಲ್ಲಿ ಇವರನ್ನ ಸೇರಿಸಿಯೇ ಇರಲಿಲ್ಲ. ಕೇಳಿದ್ದರೆ ಮೊದಲೇ ಬರ್ತಿದ್ದರೇನೋ. ನಾನು ಕೇಳಲಿಲ್ಲ.

ರವಿಕೆ ಒಳಗೆ ಇಟ್ಟುಕೊಳ್ಳೋಕೆ ಪಾವಗಡದಕ್ಕ ಒಂದು ಚೀಲ ಹೊಲಿದು ಕೊಟ್ಟಿದ್ದಾಳೆ. ಹಳೇ ಸೀರೆ ಬಟ್ಟೆ, ಒಳಗೆ ತೂಕಕ್ಕೆ ರಾಗಿ. ಊರ ಸಂತೆಗೆ ಹೋಗೋವಾಗ ಇಟ್ಟುಕೊಳ್ತೀನಿ, ಸಭೆಗೆ ಬರೋವಾಗ ಇಲ್ಲ. ಅಮೆರಿಕದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್‌ಗೆ 1978ರಲ್ಲಿ ಇದೇ ಆಪರೇಷನ್ ಆಗಿತ್ತು. ಕೃತಕ ಮೊಲೆ ಹಾಕ್ಕೊಳ್ಳಲ್ಲ ಅಂದವರು ಅವರು. ನೋಡೋರ ಸಮಾಧಾನಕ್ಕೆ ನಮ್ಮ ಗಾಯ ಮುಚ್ಚಿಟ್ಟರೆ ಇಂಥ ಹೆಂಗಸರು ಒಬ್ಬರನ್ನೊಬ್ಬರು ಗುರುತಿಸೋದು ಹೆಂಗೆ ಅನ್ನೋದು ಅವರ ವಾದ. 1980ರಲ್ಲಿ “ದಿ ಕ್ಯಾನ್ಸರ್ ಜರ್ನಲ್ಸ್” ಅನ್ನೋ ಪುಸ್ತಕವನ್ನೇ ತಂದರು. ಒಪ್ತೀನಿ. ಆದರೆ ಸಂತೆಯಲ್ಲಿ ನೂರು ಜನ ಎದೆಯನ್ನೇ ನೋಡೋವಾಗ ರಾಗಿ ಚೀಲ ಇಟ್ಟುಕೊಂಡವಳೂ ಹೇಡಿ ಅಲ್ಲ.

ಸಂಘಟನೆಯವರಿಗೆ ಒಂದು ಮಾತು. 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ಅದೇ ರೋಗಕ್ಕೆ ಬಲಿಯಾದ ಸಾವಿತ್ರಿಬಾಯಿಗೆ ಮಾರ್ಚ್ 10ಕ್ಕೆ ಹಾರ ಹಾಕ್ತೀವಿ. ಅವರ ಕೆಲಸ ಮುಂದುವರಿಸೋಣ. 2022ರ ಅಂದಾಜಿನ ಪ್ರಕಾರ ದೇಶದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ. ಮುಂಬೈಯ ಟಾಟಾ ಆಸ್ಪತ್ರೆಯವರು ಸ್ಲಮ್ಮುಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ 20 ವರ್ಷ ಅಧ್ಯಯನ ಮಾಡಿದರು. ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಿದ್ದಕ್ಕೇ, 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಹತ್ತಿರಹತ್ತಿರ ಶೇ. 30ರಷ್ಟು ಕಡಿಮೆ ಆಯ್ತು. ದೊಡ್ಡ ಮಿಷನ್ ಬೇಕಿಲ್ಲ. ಆಶಾ ತಂಗಿಯರಿಗೆ ಸರಿಯಾದ ತರಬೇತಿ, ಸರಿಯಾದ ಸಂಬಳ, ಪರೀಕ್ಷೆ ಮಾಡೋಕೆ ಮರೆ ಇರೋ ಒಂದು ಕೋಣೆ ಬೇಕು. ನಮ್ಮ ಮುಂದಿನ ಹಕ್ಕೊತ್ತಾಯದ ಪಟ್ಟಿಯಲ್ಲಿ ಇದನ್ನೂ ಸೇರಿಸಿ.

ಈಗ ಫೋನ್ ಮಾಡಿದ ತಂಗಿಗೆ. ಇಂಥದ್ದೇ ಮಾಡು ಅಂತ ನಾನು ಹೇಳಲ್ಲ. ಸಹಿ ಹಾಕೋ ಮೊದಲು ಇಷ್ಟು ಕೇಳು:

1. ನನ್ನ ಗಡ್ಡೆಗೆ ಎರಡೂ ದಾರಿ ಇದೆಯಾ, ಒಂದೇನಾ?
2. ಪೂರ್ತಿ ತೆಗೆದರೂ ರೇಡಿಯೇಷನ್ ಬೇಕಾಗಬಹುದಾ? ಯಾವಾಗ ಗೊತ್ತಾಗುತ್ತೆ?
3. ಮೊದಲು ಕಿಮೋ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡಬಹುದಾ?
4. ಕಂಕುಳ ಗಂಟು ಎಷ್ಟು ತೆಗೀತೀರಿ? ಕೈಗೆ ಏನಾಗುತ್ತೆ?
5. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆಯಲ್ಲ, ನನ್ನ ಚಿಕಿತ್ಸೆಯಲ್ಲಿ ಯಾವುದು ಅದರೊಳಗೆ, ಯಾವುದು ಹೊರಗೆ?

ಅರ್ಥ ಆಗದಿದ್ದರೆ ಇನ್ನೊಂದು ಸಲ ಹೇಳಿ ಅನ್ನು. ನಾಚ್ಕೋಬೇಡ. ಎರಡು ದಿನ ಟೈಮ್ ಕೇಳು, ಎರಡು ತಿಂಗಳು ತಡ ಮಾಡಬೇಡ. ಆ ತಪ್ಪು ನಾನು ಮಾಡಿದ್ದೀನಿ.

ಗುರುವಾರ ನಿನ್ನ ಡಾಕ್ಟರ್ ಹತ್ತಿರ ನಾನೂ ಬರ್ತೀನಿ. ಬೆಳಗಿನ ಮೊದಲ ಬಸ್ಸು. ನೋಟ್ ಬುಕ್ಕು ನಾನು ತರ್ತೀನಿ. ನಿನಗೆ ನೋಡಬೇಕು ಅನ್ನಿಸಿದರೆ, ಚಿಲಕ ಹಾಕಿ ನನ್ನ ಗೆರೆಯನ್ನೂ ತೋರಿಸ್ತೀನಿ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇನ್ಯಾರಿಗಾದರೂ “ಅದು” ಆಗಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಅದಕ್ಕೆ ಹೆಸರಿದೆ. ಒಟ್ಟಿಗೆ ಹೇಳೋದು ಕಲಿಯೋಣ.

ಜೈ ಭೀಮ್.